ಕಳೆದುಹೋದರೆ ಊರು ಹೇಳು

ಪಾರ್ಕ್‌ಲ್ಯಾಂಡ್ಸ್, ನೈರೋಬಿ
9 ಜೂನ್ 2024

ಮಾನ್ಯ ಅನುರಾಧಾ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನನಗೆ ನಿಮ್ಮ ಪರಿಚಯವಾದದ್ದು ಅಡುಗೆಮನೆಯಲ್ಲಿ. ಹುಣಸೆಹಣ್ಣಿನ ಭರಣಿಯ ಬಾಯಿಗೆ ಸುತ್ತಿ ಕಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಮೊನ್ನೆ ಬಿಚ್ಚಿದೆ. ಹಾಸನದ ಸುತ್ತಮುತ್ತಲ ಊರುಗಳಿಗೆ ಹೆಸರು ಹೇಗೆ ಬಂತು ಎಂಬ ನಿಮ್ಮ ಅಂಕಣ ಅದರಲ್ಲಿತ್ತು. ಅರ್ಧವನ್ನು ಉಪ್ಪು ತಿಂದಿತ್ತು. ಕೆಳಗಿನ ವಿಳಾಸ ಮಾತ್ರ ನೆಟ್ಟಗೆ ಉಳಿದಿತ್ತು, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಫೆಲಿಕ್ಸ್ ಹನ್ಸ್ಲಿ. ವಯಸ್ಸು ಎಪ್ಪತ್ತಾರು. ಹುಟ್ಟಿದ್ದು ನಿಮ್ಮ ಹಾಸನದಲ್ಲೇ. ಎಪ್ಪತ್ತೈದರಲ್ಲಿ ಇಲ್ಲಿಗೆ ಬಂದೆ, ನಲವತ್ತು ವರ್ಷ ಜನರ ಎದೆಬಡಿತ ಕೇಳಿ ನಿವೃತ್ತನಾದೆ. ಇಮೇಲ್ ಮಾಡಬಹುದಿತ್ತು. ಆದರೆ ನನ್ನ ಇಮೇಲು ನೋಡಿಕೊಳ್ಳುವವಳು ಹದಿನಾರು ವರ್ಷದ ಮೊಮ್ಮಗಳು ನೇಹಾ. ಅವಳಿಗೆ ಗೊತ್ತಾದರೆ ನನ್ನ ಮಗ ರಾಯ್ಸ್ಟನ್‌ಗೆ ಗೊತ್ತಾಗುತ್ತದೆ, ಅವನು ನಗುತ್ತಾನೆ. ಕನ್ನಡ ಮಾತು ಇಬ್ಬರಿಗೂ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ನಮ್ಮ ಮನೆಯಲ್ಲಿ ಕನ್ನಡದಲ್ಲಿ ಬರೆದದ್ದು ಬೀರುವಿನಲ್ಲಿ ಬೀಗ ಹಾಕಿಟ್ಟಷ್ಟೇ ಭದ್ರ. ಟೆಲಿಕಾಂ ಕಂಪನಿಯ ಕೆಲಸಕ್ಕೆ ಬೆಂಗಳೂರಿನಿಂದ ಬಂದಿರುವ ಅಭಿ ಎಂಬ ಪಕ್ಕದ ಫ್ಲಾಟಿನ ಹುಡುಗ ರಜೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಹನ್ಸ್ಲಿ ಎಂಬುದು ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಊರು. ಹೂನ್ ಎಂಬ ಯಾವನೋ ಕಾಡು ಕಡಿದು ಬಯಲು ಮಾಡಿಕೊಂಡ ಜಾಗವಂತೆ, ಅಡ್ಡಹೆಸರುಗಳ ನಿಘಂಟಿನಲ್ಲಿ ನೋಡಿದ್ದೇನೆ. ಆ ಊರು ಬಿಟ್ಟು ಹೋದವರಿಗೆ ಊರೇ ಹೆಸರಾಯಿತು. ಅಂಥ ಒಬ್ಬ ಹನ್ಸ್ಲಿ ಸೇತುವೆ ಕಟ್ಟಿಸುವ ಎಂಜಿನಿಯರಾಗಿ ನಮ್ಮ ಸೀಮೆಗೆ ಬಂದ, ಅಲ್ಲಿಯವಳೊಬ್ಬಳನ್ನು ಮದುವೆಯಾದ, ಜ್ವರ ಬಂದು ಸತ್ತ. ಅವನ ಮಗನೇ ನನ್ನ ತಾತ ಎಡ್ವರ್ಡ್ ಹನ್ಸ್ಲಿ ಎಂದು ನಮ್ಮಪ್ಪ ಹೇಳುತ್ತಿದ್ದರು.

ತಾತ ಬೆಳೆದದ್ದು ಹಾಸನದ ಮಿಷನ್ ಅನಾಥಶಾಲೆಯಲ್ಲಿ. ನನಗೆ ಆರು ವರ್ಷವಿದ್ದಾಗ ಹೋದರು. ನನಗಿರುವುದು ಅವರ ಒಂದೇ ನೆನಪು. ತೊಡೆಯ ಮೇಲೆ ಕೂರಿಸಿಕೊಂಡು, "ಕಳೆದುಹೋದ್ರೆ ಏನ್ ಹೇಳ್ತೀಯ?" ಎಂದು ಕೇಳುತ್ತಿದ್ದರು. "ಫೆಲಿಕ್ಸ್" ಅಂದರೆ ತಲೆ ಅಲ್ಲಾಡಿಸುತ್ತಿದ್ದರು. "ಹೆಸರು ಯಾರಿಗೆ ಬೇಕು? ಊರು ಹೇಳು, ಊರು." ತಮ್ಮ ಇಂಗ್ಲೆಂಡಿನ ಊರಿನ ಮೇಲೆ ಅಷ್ಟು ಅಭಿಮಾನ ಅವರಿಗೆ.

ಆ ಅನಾಥಶಾಲೆಯ ದಾಖಲೆ ಪುಸ್ತಕಗಳನ್ನು ನೀವು ಓದಿದ್ದೀರೆಂದು ಅಂಕಣದಲ್ಲಿದೆ. ತಾತನ ಹೆಸರು, ಅವರ ತಂದೆಯ ಹೆಸರು ಹುಡುಕಿಕೊಡಿ. ನವೆಂಬರ್ ಹದಿನಾಲ್ಕರೊಳಗೆ ಒಂದು ಕಲ್ಲಿನ ಮೇಲೆ ನಮ್ಮ ಮನೆತನದ ಊರು ಕೆತ್ತಿಸಬೇಕಾಗಿದೆ. ಕಲ್ಲಿನ ಮೇಲೆ ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ, ಹಾಗಾಗಿ ಖಾತ್ರಿಯಾಗಬೇಕು. ಕೆತ್ತುವ ಮ್ವಾಂಗಿ ವಾರಕ್ಕೊಮ್ಮೆ ಫೋನ್ ಮಾಡಿ ಅಕ್ಷರ ಎಲ್ಲಿ ಎಂದು ಕೇಳುತ್ತಾನೆ. ನಾನು "ಬಾಡೋ" ಅನ್ನುತ್ತೇನೆ. ಸ್ವಾಹಿಲಿಯಲ್ಲಿ ಇನ್ನೂ ಇಲ್ಲ ಎಂದು ಅರ್ಥ.

ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ.

ನಿಮ್ಮ ವಿಶ್ವಾಸಿ,
ಫೆಲಿಕ್ಸ್ ಹನ್ಸ್ಲಿ

*

ಹಾಸನ
2 ಜುಲೈ 2024

ಡಾಕ್ಟರೇ, ನಮಸ್ಕಾರ.

ಅಭಿಯವರು ನಿಮ್ಮ ಕಾಗದವನ್ನು ಬೆಂಗಳೂರಿನಿಂದ ಕೊರಿಯರ್ ಮಾಡಿದರು, ಜೊತೆಗೆ ನೀವು ಕಳಿಸಿದ ಕಾಫಿಪುಡಿ. ಹಾಸನದವಳಿಗೆ ಕಾಫಿಪುಡಿ ಕಳಿಸುವ ಧೈರ್ಯ ಇನ್ನೊಬ್ಬರಿಗೆ ಬರಲಾರದು. ಚೆನ್ನಾಗಿತ್ತು. ಆದರೆ ಇದನ್ನು ಹಾಸನದಲ್ಲಿ ಯಾರ ಮುಂದೆಯೂ ಒಪ್ಪಿಕೊಳ್ಳುವುದಿಲ್ಲ.

ಊರು ಹೆಸರಾಗುವುದು ಇಂಗ್ಲಿಷರಿಗೆ ಮಾತ್ರ ಬಂದ ವಿದ್ಯೆಯಲ್ಲ. ನನ್ನ ಹೆಸರಿನ ಮುಂದಿರುವ ಕೆ ಎಂದರೆ ಕಟ್ಟಾಯ, ನಮ್ಮ ತಾತನ ಊರು. ನಾನು ಅಲ್ಲಿ ಒಂದು ದಿನವೂ ಉಳಿದವಳಲ್ಲ. ಆದರೂ ಆ ಒಂದಕ್ಷರ ಅರವತ್ತೆರಡು ವರ್ಷದಿಂದ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿದೆ. ಇಂಗ್ಲಿಷರು ಊರನ್ನು ಹೆಸರಿನ ಹಿಂದೆ ಇಟ್ಟುಕೊಂಡರು, ನಾವು ಮುಂದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಹೇಳಿಕೊಟ್ಟು ನಾನು ಕಂಡುಕೊಂಡ ವ್ಯತ್ಯಾಸ ಇಷ್ಟೇ.

ಅನಾಥಶಾಲೆಯ ಪುಸ್ತಕಗಳನ್ನು ಓದಿದ್ದೇನೆ, ನಿಜ. ಅವು ಗೆದ್ದಲು ತಿಂದು ಜರಡಿಯಾಗಿವೆ. ಸ್ವಲ್ಪ ಸಮಯ ಬೇಕು. ಸಿಕ್ಕೀತು ಎಂದು ಮಾತು ಕೊಡಲಾರೆ.

ಕಲ್ಲು ಎಂದಿರಿ. ಹೊಸ ಮನೆಯೇ? ಗೃಹಪ್ರವೇಶಕ್ಕೆ ಈಗಲೇ ಶುಭಾಶಯ. ಮನೆಯ ಹೆಸರಿಗೆ ಅವಸರ ಮಾಡಬೇಡಿ. ನಿಮ್ಮ ಮನೆಯವರು ಏನನ್ನುತ್ತಾರೆ? ಅವರು ಕ್ಷೇಮವಷ್ಟೆ? ಒಮ್ಮೆ ಅವರನ್ನೇ ಕೇಳಿ ನೋಡಿ. ಕೆಲವು ವಿಷಯ ಮನೆಯ ಹೆಂಗಸರಿಗೆ ಮೊದಲು ಗೊತ್ತಿರುತ್ತದೆ, ಗಂಡಸರಿಗೆ ಕೊನೆಗೆ.

ವಂದನೆಗಳೊಂದಿಗೆ,
ಕೆ. ಅನುರಾಧಾ

*

ಪಾರ್ಕ್‌ಲ್ಯಾಂಡ್ಸ್, ನೈರೋಬಿ
28 ಜುಲೈ 2024

ಅನುರಾಧಾ ಅವರೇ,

ನಿಮ್ಮ ಗೆದ್ದಲಿನ ಕಥೆಯನ್ನು ಪೂರ್ತಿ ನಂಬಲಾರೆ. ಕಾಯಿಲೆ ಏನೆಂದು ಗೊತ್ತಾದ ಮೇಲೂ "ಇನ್ನೊಂದು ಟೆಸ್ಟ್ ಮಾಡೋಣ" ಎಂದು ದಿನ ತಳ್ಳುವ ಡಾಕ್ಟರುಗಳನ್ನು ನೋಡಿದ್ದೇನೆ. ನಾನೂ ತಳ್ಳಿದ್ದೇನೆ. ನಿಮ್ಮ ಕಾಗದದಲ್ಲಿ ಅದೇ ವಾಸನೆ ಬಂತು.

ಈ ಹೆಸರಿನ ಬೆನ್ನು ಹತ್ತಿದ ಮುದುಕನಿಗೆ ಬೇರೆ ಕೆಲಸವಿಲ್ಲ ಎಂದುಕೊಂಡಿರಬಹುದು. ಕೇಳಿ. ನಮ್ಮ ಮನೆಯವಳು ಸೆಲಿನ್ ಮಂಗಳೂರಿನ ಕಡೆಯ ಕೊಂಕಣಿಯವಳು. ಎಪ್ಪತ್ತನಾಲ್ಕರಲ್ಲಿ ಅವರ ಇಗರ್ಜಿಯಲ್ಲಿ ನಮ್ಮ ಮದುವೆಯಾಯಿತು. ಅವಳ ಕಡೆಯವರು ಮುನ್ನೂರು ಜನ. ಬಂಧುಗಳು ಕೂರಲು ಜಾಗ ಸಾಲದೆ ಬಾಗಿಲಲ್ಲಿ ನಿಂತಿದ್ದರು. ನನ್ನ ಕಡೆ ಅಪ್ಪ, ಅಮ್ಮ, ಸೋದರಮಾವ, ಹಾಸ್ಟೆಲಿನ ಇಬ್ಬರು ಗೆಳೆಯರು. ಹಿಂದೆ ಒಂಬತ್ತು ಬೆಂಚು ಖಾಲಿ, ಈಗಲೂ ಎಣಿಕೆ ಮರೆತಿಲ್ಲ. "ಹುಡುಗನ ತಂದೆಯ ಕಡೆಯವರು ಎಲ್ಲಿ?" ಎಂದು ಅವಳ ದೊಡ್ಡಪ್ಪ ಕೇಳಿದರು. "ಇಂಗ್ಲೆಂಡಿನಲ್ಲಿ" ಎಂದೆ. ಅಂದಿನಿಂದ ಆ ಒಂಬತ್ತು ಬೆಂಚಿನಲ್ಲಿ ಯಾರ್ಕ್‌ಷೈರಿನವರನ್ನು ಕೂರಿಸಿಕೊಂಡು ಬದುಕಿದ್ದೇನೆ.

ಮಗ ನಗರದ ನಡುವಿನ ಒಂದು ಬ್ಯಾಂಕಿನಲ್ಲಿದ್ದಾನೆ, ಸಂಸಾರ ಸೌತ್ ಸಿ ಬಡಾವಣೆಯಲ್ಲಿ. ಉಗುಳು ಕಳಿಸಿದರೆ ಯಾವ ದೇಶದ ರಕ್ತ ಎಂದು ಹೇಳುವ ಪರೀಕ್ಷೆ ಮಾಡಿಸೋಣ ಅಂದ. ಬೇಡ ಅಂದೆ. ಉಗುಳನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕಲ್ಲು ಹೊಸ ಮನೆಯದು ಅಂದುಕೊಂಡಿರಿ. ಹಾಗೆಯೇ ಇಟ್ಟುಕೊಳ್ಳಿ. ಚಿಕ್ಕ ಮನೆ, ಪಕ್ಕದಲ್ಲಿ ನನಗೂ ಜಾಗ ತೆಗೆದಿಟ್ಟಿದ್ದಾರೆ. ಸೆಲಿನ್ ಆರಾಮವಾಗಿದ್ದಾಳೆ, ಮೊದಲಿನ ಮೊಣಕಾಲು ನೋವು ಈಗಿಲ್ಲ. ಈ ವಿಷಯದಲ್ಲಿ ಅವಳನ್ನು ಕೇಳಿ ಪ್ರಯೋಜನವಿಲ್ಲ, ಮಾತಾಡುವುದಿಲ್ಲ.

ಮ್ವಾಂಗಿಗೆ ಇನ್ನೂ ಬಾಡೋ ಅನ್ನುತ್ತಿದ್ದೇನೆ.

ಫೆಲಿಕ್ಸ್

*

ಹಾಸನ
25 ಆಗಸ್ಟ್ 2024

ಡಾಕ್ಟರೇ,

ಒಂಬತ್ತು ಬೆಂಚಿನ ವಿಷಯ ಓದಿ ಎರಡು ದಿನ ಬೇರೆ ಏನೂ ಬರೆಯಲಾಗಲಿಲ್ಲ. ಹುಡುಕುತ್ತಿದ್ದೇನೆ ಎಂದಷ್ಟೇ ಈಗ ಹೇಳಬಲ್ಲೆ. ದಯವಿಟ್ಟು ಇನ್ನೊಂದು ಸ್ವಲ್ಪ ತಾಳ್ಮೆ.

ಇದರೊಳಗೆ ನಿಮ್ಮ ಮನೆಯವರಿಗೆ ಒಂದು ಚಿಕ್ಕ ಕವರು ಅಂಟಿಸಿ ಇಟ್ಟಿದ್ದೇನೆ. ಹುಣಸೆಹಣ್ಣನ್ನು ಹುಳ ಹಿಡಿಯದಂತೆ ಉಪ್ಪು ಹಾಕಿಡುವ ಕ್ರಮ. ನೀವು ಓದಬೇಕಾದದ್ದು ಅದರಲ್ಲಿ ಏನೂ ಇಲ್ಲ, ಹಾಗೆಯೇ ಅವರ ಕೈಗೆ ಕೊಡಿ.

ಅನುರಾಧಾ

(ಒಳಗಿನ ಕವರು)

ಸೆಲಿನಮ್ಮ,

ಹೇಗಿದ್ದೀರಿ? ಮೊಣಕಾಲು ವಾಸಿಯಾಯಿತಂತೆ, ಸಂತೋಷ. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ. ನಾಲ್ಕು ವರ್ಷದ ಹಿಂದೆ ನೀವು ಕೇಳಿ ತಿಳಿದುಕೊಂಡು ಹೋದದ್ದನ್ನೇ ನಿಮ್ಮ ಯಜಮಾನರು ಈಗ ಕೇಳುತ್ತಿದ್ದಾರೆ. ಅವರಿಗೆ ಹೇಳುವುದಿಲ್ಲವೆಂದು ನಿಮಗೆ ಮಾತು ಕೊಟ್ಟಿದ್ದೇನೆ, ಮುರಿಯುವುದಿಲ್ಲ. ಆದರೆ ಅವರು ಯಾರ್ಕ್‌ಷೈರ್ ಎಂದು ಕಲ್ಲಿನ ಮೇಲೆ ಕೆತ್ತಿಸಲು ಹೊರಟಿದ್ದಾರಲ್ಲ! ಕೆತ್ತಿದ ಮೇಲೆ ತಿಳಿದರೆ ಆ ಮನುಷ್ಯರಿಗೆ ಎಷ್ಟು ನೋವು. ಸಮಯ ನೋಡಿ ನಾನೇ ಹೇಳುತ್ತೇನೆ ಅಂದಿದ್ದಿರಿ. ಆ ಸಮಯ ಬಂದಿದೆ ಅಂತ ನನಗನ್ನಿಸುತ್ತದೆ. ಹೇಳಿಬಿಡಿ ತಾಯಿ.

ನಿಮ್ಮ ಅನುರಾಧಾ

*

ಪಾರ್ಕ್‌ಲ್ಯಾಂಡ್ಸ್, ನೈರೋಬಿ
17 ಸೆಪ್ಟೆಂಬರ್ 2024

ಅನುರಾಧಾ ಅವರಿಗೆ,

ನನ್ನ ಹೆಂಡತಿಗೆ ಬಂದ ಕವರನ್ನು ನಾನೇ ಒಡೆದೆ. ಒಡೆಯಲು ಅವಳಿಲ್ಲ. ಹೋದ ವರ್ಷ ನವೆಂಬರ್ ಹದಿನಾಲ್ಕಕ್ಕೆ ತೀರಿಕೊಂಡಳು. ಕಲ್ಲು ಅವಳ ಸಮಾಧಿಯದು.

ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಇಲ್ಲಿ ಎಲ್ಲರೂ "ಪಾಪ" ಅಂದು ಅಂದು ನನಗೆ ಸಾಕಾಗಿಹೋಗಿತ್ತು. ಅವಳು ಇದ್ದಾಳೆ ಎಂದು ತಿಳಿದುಕೊಂಡವರು ಪ್ರಪಂಚದಲ್ಲಿ ಒಬ್ಬರಾದರೂ ಇರಲಿ ಅನ್ನಿಸಿತು. ಅದು ನನ್ನ ತಪ್ಪು.

ಆದರೆ ನೀವು? ನೀವಿಬ್ಬರೂ ಸೇರಿಕೊಂಡು ನಾಲ್ಕು ವರ್ಷ ನನ್ನನ್ನು ಮಗುವಿನ ಹಾಗೆ ಆಡಿಸಿದಿರಿ. ಹುಣಸೆಹಣ್ಣಿಗೆ ಉಪ್ಪಂತೆ! ಸೆಲಿನ್ ನನಗೆ ಸುಳ್ಳು ಹೇಳಿದವಳಲ್ಲ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಈಗ ಯಾರ ಮುಂದೆ ಹೇಳಲಿ? ಯಾವ ಹೊಲಸು ಸಿಕ್ಕಿತು ನಿಮಗೆ ಆ ಪುಸ್ತಕದಲ್ಲಿ? ಆ ಎಂಜಿನಿಯರು ನನ್ನ ಮುತ್ತಜ್ಜಿಯನ್ನು ಮದುವೆಯಾಗಲಿಲ್ಲ, ಇಟ್ಟುಕೊಂಡಿದ್ದ, ಅಷ್ಟೇ ತಾನೆ? ಡಾಕ್ಟರ್ ನಾನು. ಅಂಥದ್ದಕ್ಕೆಲ್ಲ ಎದೆ ಒಡೆದುಕೊಳ್ಳುವುದಿಲ್ಲ. ಬರೆಯಿರಿ.

ನಾನೂ ಒಂದು ಮುಚ್ಚಿಟ್ಟಿದ್ದೇನೆ, ಅದನ್ನೂ ಹೇಳಿ ಮುಗಿಸುತ್ತೇನೆ. ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸೆಲಿನ್ ನನ್ನ ಕೈ ಹಿಡಿದು, "ಕಲ್ಲಿನ ಮೇಲೆ ನಮ್ಮೂರ ಹೆಸರು ಹಾಕ್ಸಿ, ಮರೀಬೇಡಿ" ಅಂದಳು. "ಯಾವೂರೇ?" ಅಂದೆ. ನಕ್ಕಳು. "ಭರಣಿ ನೋಡಿ" ಅಂದಳು. ಆ ಭರಣಿ ಅವಳ ಅಮ್ಮ ಕೊಟ್ಟದ್ದು, ಮಂಗಳೂರಿನದು. ಅಂದರೆ ನಮ್ಮೂರು ಎಂದರೆ ಮಂಗಳೂರು. ನಲವತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿದವಳು ಕೊನೆಗೆ ತವರನ್ನು ಕೇಳಿದಳಲ್ಲ ಎಂದು ಹೊಟ್ಟೆ ಉರಿಯಿತು. ನನಗೂ ಒಂದು ಊರಿದೆ, ಅವಳು ನನ್ನ ಊರಿನವಳು ಎಂದೇ ಕಲ್ಲಿನ ಮೇಲೆ ಬರೆಸುತ್ತೇನೆ ಎಂದು ಹಟ ಹಿಡಿದೆ. ಸಾಯುವವಳ ಮಾತನ್ನು ಮೀರಲು ಹೊರಟವನು ನಾನು. ಈಗ ನಿಮಗೆ ಗೊತ್ತಾಯಿತು.

ಫೆಲಿಕ್ಸ್

*

ಹಾಸನ
5 ಅಕ್ಟೋಬರ್ 2024

ಡಾಕ್ಟರೇ,

ಸೆಲಿನಮ್ಮ ಇಲ್ಲ ಎಂದು ಓದಿ ತುಂಬಾ ಅತ್ತೆ. ನೀವು "ಪಾಪ" ಅನ್ನಬೇಡಿ ಅಂದಿದ್ದೀರಿ, ಅನ್ನುವುದಿಲ್ಲ. ಅವರು ನನ್ನ ಮನೆಯಲ್ಲಿ ಒಂದು ದಿನ ಇದ್ದರು. ಹೋಗುವಾಗ ನನ್ನ ಒಗ್ಗರಣೆಗೆ ಇಂಗು ಹೆಚ್ಚಾಯಿತು ಎಂದು ಹೇಳಿಯೇ ಹೋದರು.

ಅವರಿಗೆ ಕೊಟ್ಟ ಮಾತಿನಿಂದ ಅವರೇ ನನ್ನನ್ನು ಬಿಡಿಸಿದ್ದಾರೆ. ಹೇಗೆಂದು ಕೊನೆಗೆ ಹೇಳುತ್ತೇನೆ. ಮೊದಲು ನೀವು ಕೇಳಿದ್ದು.

ಎಂಜಿನಿಯರು ಯಾರೂ ಇರಲಿಲ್ಲ. ನಿಮ್ಮ ತಾತನ ತಂದೆ ತಾಯಿ ಇಬ್ಬರೂ ನಮ್ಮ ಕಡೆಯವರೇ. 1898ರ ಪ್ಲೇಗಿನಲ್ಲಿ ಹೋದರು. ಅನಾಥಶಾಲೆಯ ಪುಸ್ತಕದಲ್ಲಿ ಆ ವರ್ಷ ದೊರೆಸಾನಿಯೊಬ್ಬಳ ಬರಹ ಇದೆ. "ಹುಡುಗ, ಸುಮಾರು ಎಂಟು ವರ್ಷ, ದಾರಿಯಲ್ಲಿ ಒಬ್ಬನೇ ಸಿಕ್ಕಿದ್ದು. ಯಾರು ನೀನು ಎಂದು ಆಯಾ ಎಷ್ಟು ಸಲ ಕೇಳಿದರೂ 'ಹನ್ಸ್ಲಿ' ಎನ್ನುತ್ತಾನೆ, ಬೇರೆ ಮಾತಿಲ್ಲ." ಅಷ್ಟೇ. ಅದರ ಪಕ್ಕದಲ್ಲಿ ಬೇರೆ ಮಸಿಯಲ್ಲಿ, ಶಾಲೆಯ ಉಪಾಧ್ಯಾಯರು ಇರಬೇಕು, ಕನ್ನಡದಲ್ಲಿ ಬರೆದಿದ್ದಾರೆ: "ಹುಣಸೇಹಳ್ಳಿಯ ಪ್ಲೇಗಿನ ಹುಡುಗ."

ಜೋರಾಗಿ ಹೇಳಿ ನೋಡಿ, ನಮ್ಮ ಸೀಮೆಯವರು ಹೇಳುವ ಹಾಗೆ. ಹುಣ್ಸೇಳ್ಳಿ. "ಯಾರಪ್ಪ ನೀನು?" ಅಂದರೆ ನಮ್ಮ ಜನ ಹೆಸರು ಹೇಳುವುದಿಲ್ಲ, ಊರು ಹೇಳುತ್ತಾರೆ. ಅಷ್ಟು ಚಿಕ್ಕ ಮಗುವಿಗೆ ಅವನ ತಾಯಿ ಅದನ್ನೇ ಕಲಿಸಿದ್ದಿರಬೇಕು. ದೊರೆಸಾನಿ ಕೇಳಿದ್ದು ಹೆಸರು, ಹುಡುಗ ಹೇಳಿದ್ದು ಊರು. ಅವಳ ಕಿವಿಗೆ ಅದು ತನ್ನ ದೇಶದ ಹೆಸರಾಗಿ ಕೇಳಿಸಿತು. ಎಡ್ವರ್ಡ್ ಎಂಬುದು ಆಮೇಲೆ ಇಟ್ಟದ್ದು. ಅವನಿಗೆ ತಂದೆ ತಾಯಿ ಇಟ್ಟ ಹೆಸರು ಎಲ್ಲೂ ಇಲ್ಲ, ನಾನು ನಿಜವಾಗಿ ಹುಡುಕಿದ್ದೇನೆ.

ನಿಮ್ಮ ಹೆಸರು ಒಂದು ಊರಿನಿಂದ ಬಂದದ್ದು ಎಂದು ನೀವು ಹೇಳಿದ್ದು ಸರಿ ಡಾಕ್ಟರೇ. ಊರು ಮಾತ್ರ ಬೇರೆ.

ಹುಣಸೇಹಳ್ಳಿ ಹಾಸನದಿಂದ ಹದಿನಾಲ್ಕು ಮೈಲಿ. ಪ್ಲೇಗಿಗೆ ಹೆದರಿ ಊರು ಬಿಟ್ಟವರು ಮತ್ತೆ ಬರಲಿಲ್ಲ. ಕಂದಾಯದ ದಾಖಲೆಯಲ್ಲಿ ಹೆಸರಿನ ಮುಂದೆ "ಬೇಚಿರಾಕ್" ಎಂದಿದೆ. ದೀಪ ಹಚ್ಚುವವರಿಲ್ಲದ ಊರು ಎಂದು ಅರ್ಥ. ಈಗ ಅಲ್ಲಿರುವುದು ಒಂದು ಒಡೆದ ಬಾವಿ, ಐದು ಹುಣಸೆಮರ. ಆ ಊರಿನ ಹೆಸರು ಹೊತ್ತವರು ಈ ಸೀಮೆಯಲ್ಲಿ ಒಬ್ಬರೂ ಉಳಿದಿಲ್ಲ. ನಿಮ್ಮ ಭರಣಿಗೆ ಕಟ್ಟಿದ್ದ ಅಂಕಣದಲ್ಲಿ ಉಪ್ಪು ತಿಂದ ಅರ್ಧ ಇದೇ ಊರಿನದು.

ಇನ್ನು ಸೆಲಿನಮ್ಮನ ಕಾಗದ. ಅದು ನನ್ನ ಹತ್ತಿರ ಇರಬೇಕಾದದ್ದಲ್ಲ, ಇದರ ಜೊತೆ ಇಟ್ಟಿದ್ದೇನೆ. ಓದುವಾಗ ಒಂದು ಮಾತನ್ನು ಗಮನಿಸಿ. ಅವರು ತಮ್ಮ ತವರು ಮಂಗಳೂರನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ನಮ್ಮೂರು ಎಂದು ಯಾವುದನ್ನು ಕರೆಯುತ್ತಾರೆ, ನೋಡಿ. ಭರಣಿ ನೋಡಿ ಎಂದಾಗಲೇ ಅವರು ನಿಮಗೆ ಹೇಳಿಯಾಗಿತ್ತು, ನನ್ನ ಮಾತು ಅಲ್ಲಿಗೆ ತೀರಿತು.

ಅನುರಾಧಾ

(ಸೆಲಿನ್ ಬರೆದದ್ದು)

ನೈರೋಬಿ
11 ಫೆಬ್ರವರಿ 2020

ಅನುರಾಧಾ ಟೀಚರಿಗೆ ಸೆಲಿನ್ ಮಾಡುವ ವಂದನೆಗಳು.

ನಮ್ಮೂರಿನ ಹುಣಸೆಹಣ್ಣು ಕ್ಷೇಮವಾಗಿ ನೈರೋಬಿ ಮುಟ್ಟಿತು. ಇವರು ಚೀಲ ಎತ್ತಿ ನೋಡಿ, "ಇಲ್ಲಿ ಅಂಗಡಿಯಲ್ಲಿ ಉಕ್ವಾಜು ಸಿಗೋದಿಲ್ವೇನೇ? ಮೂರು ಕೆಜಿ ಹುಣಸೆಹಣ್ಣು ಹೊತ್ಕೊಂಡು ಬಂದಿದ್ದೀಯಲ್ಲ" ಎಂದು ಬೈದರು. ನಾನು ಕೊಡಿಯಾಲದಲ್ಲಿ ಅಕ್ಕನ ಮನೆಯಲ್ಲಿದ್ದೆ ಎಂದೇ ಅವರು ತಿಳಿದಿದ್ದಾರೆ. ಹಾಸನಕ್ಕೆ ಬಂದದ್ದು ಗೊತ್ತಿಲ್ಲ. ಭಾನುವಾರ ಅದನ್ನು ಹಾಕಿ ಮೀನು ಸಾರು ಮಾಡಿದೆ. ಎರಡು ಸಲ ಬಡಿಸಿಕೊಂಡರು, ಬೆರಳು ನೆಕ್ಕಿದರು. ನನಗೆ ಕಣ್ಣಲ್ಲಿ ನೀರು ಬಂತು, ಮೆಣಸು ಅಂತ ಹೇಳಿದೆ.

ಹೇಳಬೇಕು ಟೀಚರೇ, ಆದರೆ ಬಾಯಿ ಬರುವುದಿಲ್ಲ. ನಮ್ಮ ಮದುವೆಯ ದಿನ ಅವರ ಕಡೆಯ ಬೆಂಚು ಖಾಲಿ ಇತ್ತು. ಅವರು ಹಿಂದೆ ತಿರುಗಿ ತಿರುಗಿ ನೋಡಿದ್ದನ್ನು ನಾನು ಮುಸುಕಿನ ಒಳಗಿಂದ ನೋಡಿದ್ದೇನೆ. ಆ ಎಂಜಿನಿಯರ್ ದೊರೆ ಒಬ್ಬನೇ ಅವರ ಕಡೆಯ ನೆಂಟ. ಇದ್ದ ಒಬ್ಬ ನೆಂಟನನ್ನೂ ನಾನೇ ಹೇಗೆ ಕಳಿಸಿಬಿಡಲಿ? ನೀವೂ ಹೇಳಬೇಡಿ. ಸಮಯ ನೋಡಿ ನಾನೇ ಹೇಳುತ್ತೇನೆ.

ಆ ಬಾವಿಯ ಹತ್ತಿರ ಕೂತಾಗ ನನಗೆ ಅತ್ತೆ ಮನೆಗೆ ಬಂದ ಹಾಗಾಯಿತು. ಇಷ್ಟು ವರ್ಷಕ್ಕೆ ನನಗೂ ಗಂಡನ ಮನೆ ಅಂತ ಒಂದು ಊರು ಸಿಕ್ಕಿತು. ನಿಮ್ಮ ಅಂಕಣವನ್ನು ಭರಣಿಯ ಬಾಯಿಗೆ ಕಟ್ಟಿದ್ದೇನೆ. ಇವರು ಅಡುಗೆಮನೆಗೆ ಕಾಲಿಡುವವರಲ್ಲ. ಎಂದಾದರೂ ಇಟ್ಟರೆ ಓದಿಕೊಳ್ಳಲಿ.

ಸೆಲಿನ್

*

ಹಾಸನ
4 ನವೆಂಬರ್ 2024

ಡಾಕ್ಟರೇ,

ಒಂದು ತಿಂಗಳಾಯಿತು, ಉತ್ತರವಿಲ್ಲ. ಕೋಪವಿದ್ದರೆ ಬೈದು ಬರೆಯಿರಿ, ಓದುತ್ತೇನೆ. ನಿಮ್ಮ ಒಂಬತ್ತು ಬೆಂಚನ್ನು ನಾನು ಮತ್ತೆ ಖಾಲಿ ಮಾಡಿದೆನೇ ಎಂಬುದೊಂದೇ ನನ್ನ ಸಂಕಟ. ಹದಿನಾಲ್ಕನೆಯ ತಾರೀಖು ಹತ್ತಿರ ಬಂತು. ಏನನ್ನಾದರೂ ಕೆತ್ತಿಸಿ, ಸೆಲಿನಮ್ಮನ ಕಲ್ಲು ಬರಿದಾಗಿ ಉಳಿಯುವುದು ಬೇಡ.

ಅನುರಾಧಾ

*

ಪಾರ್ಕ್‌ಲ್ಯಾಂಡ್ಸ್, ನೈರೋಬಿ
20 ನವೆಂಬರ್ 2024

ತಂಗಿ ಅನುರಾಧಾ,

ಹೀಗೆ ಕರೆಯಬಹುದಷ್ಟೆ? ನಿಮ್ಮ ಊರಿನಿಂದ ನನ್ನ ಊರಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ನೋಡಿದೆ. ಕಟ್ಟಾಯಕ್ಕೂ ಹುಣಸೇಹಳ್ಳಿಗೂ ಒಂದೇ ಹೋಬಳಿಯ ನೆಂಟಸ್ತನ ಇದ್ದಿರಬಹುದು ಅನ್ನಿಸಿತು. ಇಲ್ಲದಿದ್ದರೂ ನಡೆಯುತ್ತದೆ.

ಕೋಪವಿರಲಿಲ್ಲ. ಇದ್ದದ್ದು ನಾಚಿಕೆ. ಸೆಲಿನ್ ಕಾಗದವನ್ನು ಮೊದಲ ಸಲ ಓದಿ ಮಡಿಸಿ ಬೈಬಲಿನಲ್ಲಿಟ್ಟೆ, ವಾರ ಮುಟ್ಟಲಿಲ್ಲ. ಎರಡನೆಯ ಸಲ ಓದಿದ ಮೇಲೆ ಅಡುಗೆಮನೆಗೆ ಹೋಗಿ ಭರಣಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ತಳದಲ್ಲಿ ಒಂದು ಹಿಡಿ ಉಳಿದಿತ್ತು, ಕಪ್ಪಗೆ. ಒಂದು ಚೂರು ಬಾಯಿಗೆ ಹಾಕಿಕೊಂಡೆ. ನಾಲ್ಕು ವರ್ಷ ಪ್ರತಿ ಭಾನುವಾರ ನಾನು ನಮ್ಮೂರನ್ನು ಉಂಡಿದ್ದೇನೆ, ಉಂಡು ಹುಳಿ ಸ್ವಲ್ಪ ಮುಂದಾಯಿತು ಎಂದು ದೂರಿದ್ದೇನೆ. ಮುದುಕ ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಆ ಹೊತ್ತಿಗೆ ನೇಹಾ ಬಂದಳು.

ಅವಳಿಗೆ ಎಲ್ಲ ಹೇಳಿದೆ. ಒಂಬತ್ತು ಬೆಂಚಿನಿಂದ ಬೇಚಿರಾಕ್‌ವರೆಗೆ. ನಗುತ್ತಾಳೆ ಎಂದುಕೊಂಡಿದ್ದೆ. "ಎಂಟು ವರ್ಷದ ಹುಡುಗ, ಅಪ್ಪ ಅಮ್ಮ ಇಲ್ಲ, ಆದ್ರೂ ಅಡ್ರೆಸ್ ಮರೀಲಿಲ್ವಾ?" ಎಂದು ಅವಳ ಇಂಗ್ಲಿಷಿನಲ್ಲಿ ಕೇಳಿದಳು. ಆಗ ತಾತನ ತೊಡೆ ನೆನಪಾಯಿತು. ಕಳೆದುಹೋದರೆ ಊರು ಹೇಳು. ಅದು ಅಭಿಮಾನವಲ್ಲ ತಂಗಿ. ಮಾತು ಕೇಳುವವರು ಸಿಕ್ಕದೆ ಹೋದ ಹುಡುಗನೊಬ್ಬ ಅರವತ್ತು ದಾಟಿದ ಮೇಲೂ ಅದನ್ನೇ ಹೇಳುತ್ತಿದ್ದ. ನಾನು ತೊಡೆಯ ಮೇಲೆ ಕೂತಿದ್ದೆ, ನನಗೂ ಕೇಳಿಸಲಿಲ್ಲ.

ಮ್ವಾಂಗಿಗೆ ಫೋನ್ ಮಾಡಿ ಅಕ್ಷರ ಸಿಕ್ಕಿತು ಎಂದೆ. "ಇಂಗ್ಲಿಷ್ ತಾನೆ?" ಎಂದ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ ಎಂದೆ. ನನ್ನ ಕೈ ನಡುಗುತ್ತದೆ, ದೊಡ್ಡ ಅಕ್ಷರ ಬರೆಯಲು ಆಗುವುದಿಲ್ಲ. ನೇಹಾ ನನ್ನಿಂದ ಕಲಿತು ಹಾಳೆಯ ಮೇಲೆ ಬರೆದುಕೊಟ್ಟಳು, ಮೂರು ಶನಿವಾರ ಹಿಡಿಯಿತು. ಅದನ್ನು ನೋಡಿಕೊಂಡು ಮ್ವಾಂಗಿ ಕೆತ್ತಿದ. ಮೇಲೆ ಸೆಲಿನ್ ಹನ್ಸ್ಲಿ, ತಾರೀಖುಗಳು. ಕೆಳಗೆ "ನಮ್ಮೂರು ಹುಣಸೆಹಳ್ಳಿ". ನೀವು ಕನ್ನಡದ ಟೀಚರು, ಕಣ್ಣಿಗೆ ಬಿದ್ದೇ ಬೀಳುತ್ತದೆ: ಸೇ ಎಂದು ಎಳೆಯಬೇಕಾದಲ್ಲಿ ಹುಡುಗಿ ದೀರ್ಘ ಬಿಟ್ಟಿದ್ದಾಳೆ. ಕಲ್ಲು ನಿಲ್ಲಿಸಿದ ಮೇಲೆ ನನಗೆ ಕಂಡಿತು. ಇರಲಿ ಬಿಡಿ. ಬರೆದುಕೊಂಡವರ ತಪ್ಪಿನಿಂದಲೇ ಹೆಸರು ಪಡೆದ ಮನೆತನ ನಮ್ಮದು, ಈ ಒಂದು ದೀರ್ಘಕ್ಕೆ ಜಗಳವಾಡಿದರೆ ಸೆಲಿನ್ ನಗುತ್ತಾಳೆ.

ಒಂದು ಕೆಲಸ ನಿಮ್ಮಿಂದಾಗಬೇಕು. ಆ ಬೇಚಿರಾಕ್ ಎಂಬ ಮಾತನ್ನು ತಿದ್ದಿಸಲು ಅರ್ಜಿ ಎಲ್ಲಿ ಹಾಕಬೇಕು, ವಿಚಾರಿಸಿ. ಊರಿನವರು ಇದ್ದಾರೆ, ಸಂಜೆ ದೀಪವನ್ನೂ ಹಚ್ಚುತ್ತಾರೆ, ಪಾರ್ಕ್‌ಲ್ಯಾಂಡ್ಸಿನಲ್ಲಿ ಮತ್ತು ಸೌತ್ ಸಿಯಲ್ಲಿ ಎಂದು ಬರೆಯಿರಿ. ತಹಶೀಲ್ದಾರರು ಅರ್ಜಿ ಹರಿದು ಹಾಕಿದರೆ ಇನ್ನೊಂದು ಹಾಕೋಣ. ನನಗೆ ಈಗ ಬಿಡುವಿದೆ.

ಹದಿನಾಲ್ಕರಂದು ಬೆಳಿಗ್ಗೆ ಎಲ್ಲರೂ ಸ್ಮಶಾನಕ್ಕೆ ಹೋದೆವು. ರಾಯ್ಸ್ಟನ್ ಕಲ್ಲು ನೋಡಿ ನಗಲಿಲ್ಲ. ಅಭಿ ಮತ್ತು ಅವನ ಹೆಂಡತಿ ನಿರುಪಮಾ ಬಂದಿದ್ದರು, ಜೊತೆಗೆ ಮೈಸೂರಿನಿಂದ ಬಂದಿರುವ ನಿರುಪಮಾಳ ತಾಯಿ. ಪಾಪ, ಇಲ್ಲಿ ಹದಿನೈದು ದಿನದಿಂದ ಕನ್ನಡದ ಒಂದಕ್ಷರ ನೋಡದ ಹೆಂಗಸು. ಕಲ್ಲಿನ ಮೇಲೆ ಕನ್ನಡ ಕಂಡು ಹತ್ತಿರ ಬಂದು ಬೆರಳಿಟ್ಟು ಓದಿದರು. ಆಮೇಲೆ ಪಕ್ಕದಲ್ಲಿದ್ದ ನೇಹಾಳನ್ನು ನಮ್ಮ ಕಡೆಯವರು ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ಯಾವೂರಮ್ಮ ನಿಮ್ದು?"

ಯಾರು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಊರು ಕೇಳಿದರೆ ನೈರೋಬಿ ಆಂಟಿ ಅನ್ನುವವಳು. ನನ್ನ ಮುಖ ಒಮ್ಮೆ ನೋಡಿದಳು. "ಹುಣ್ಸೇಳ್ಳಿ" ಅಂದಳು.

"ಓ, ಹುಣಸೇಹಳ್ಳಿನಾ? ಹಾಸನದ ಕಡೇದಾ?" ಅಂದರು ಆ ತಾಯಿ.

ನೂರಿಪ್ಪತ್ತಾರು ವರ್ಷದ ಹಿಂದೆ ಆ ಹುಡುಗ ಹೇಳಿದ್ದೂ ಇದನ್ನೇ. ಈ ಸಲ ಕೇಳಿದವರಿಗೆ ಸರಿಯಾಗಿ ಕೇಳಿಸಿತು.

ನಿಮ್ಮ ಅಣ್ಣ,
ಹು. ಫೆಲಿಕ್ಸ್